ಹತ್ತುಮೀನು, ಕೂಳಿ, ಕೂಣಿ: ಮಲೆನಾಡಿನ ಮಳೆಗಾಲದ ಕೆಲವು ಪದಗಳ ಬಗ್ಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮುಂಗಾರಿನ ಮೊದಲ ದೊಡ್ಡ ಮಳೆ ಹಿಡಿದು ಹಳ್ಳಕೊಳ್ಳಗಳಲ್ಲಿ ಕೆಂಪು ನೀರು ಇಳಿಯತೊಡಗಿದರೆ, ಹೊಳೆಯ ಮೀನು ಆ ಹರಿವಿಗೆ ಎದುರಾಗಿ ಹಳ್ಳಗಳಿಗೂ ಅಲ್ಲಿಂದ ಗದ್ದೆಗಳಿಗೂ ಬರುತ್ತದೆ. ಹಾಗೆ ಬರುವ ಮೀನಿಗೆ ಜನ ‘ಹತ್ತುಮೀನು’ ಎನ್ನುತ್ತಾರೆ. ಈ ಪದವನ್ನು ಬರೆಯಬೇಕಾದ ಬಗೆ, ಅದರ ಅರ್ಥ, ಅದರ ಜೊತೆಗೇ ಬಳಕೆಯಲ್ಲಿರುವ, ಮೀನು ಹಿಡಿಯುವ ಬಿದಿರಿನ ಸಾಧನಗಳ ಹೆಸರುಗಳಾದ ಕೂಳಿ, ಕೂಣಿ ಮುಂತಾದ ಪದಗಳು ಇವುಗಳ ಬಗ್ಗೆ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದು, ಬೇರೆ ಬೇರೆ ಊರುಗಳ ಬಳಕೆಯನ್ನು ಕೇಳುತ್ತಿದ್ದೇನೆ.

ಮೊದಲು ಬರವಣಿಗೆಯ ವಿಷಯ. ಮಳೆಗಾಲದ ವರದಿಗಳಲ್ಲಿ ಇದು ‘ಹತ್ತು ಮೀನು’ ಎಂದು ಎರಡು ಪದಗಳಾಗಿ ಅಚ್ಚಾಗುವುದುಂಟು. ಮಲೆನಾಡಿನವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಬಯಲುಸೀಮೆಯ ಓದುಗರು ‘ಮಲೆನಾಡಿನಲ್ಲಿ ಹತ್ತು ಮೀನು ಶಿಕಾರಿ ಜೋರು’ ಎಂಬ ತಲೆಬರಹವನ್ನು ನೋಡಿದರೆ ಅದನ್ನು ಸಂಖ್ಯೆಯೆಂದೇ ಓದುತ್ತಾರೆ. ಹಾಗೆ ಓದಿದವರನ್ನು ತಪ್ಪೆನ್ನಲು ಬರುವುದಿಲ್ಲ. ಇದು ಸಂಖ್ಯೆಯಲ್ಲ ಎಂಬುದಕ್ಕೆ ಆಡುಮಾತೇ ಸಾಕ್ಷಿ. ‘ನಿನ್ನೆ ರಾತ್ರಿ ಬರೀ ಒಂದು ಹತ್ತುಮೀನು ಸಿಕ್ಕಿತು’ ಎಂದು ಯಾರು ಬೇಕಾದರೂ ಹೇಳಬಹುದು, ಕೇಳಿದವರಿಗೆ ಅದರಲ್ಲಿ ಯಾವ ವಿರೋಧವೂ ಕಾಣುವುದಿಲ್ಲ. ಮಾತಿನಲ್ಲಿ ಎರಡು ಪದಗಳ ನಡುವೆ ಬಿಡುವೂ ಇರುವುದಿಲ್ಲ. ಬೇಗ ಹೇಳುವಾಗ ‘ಹತ್ಮೀನು’ ಎಂದೇ ಕೇಳಿಸುತ್ತದೆ. ಆದ್ದರಿಂದ ಇದನ್ನು ಸಮಾಸಪದವಾಗಿ ಕೂಡಿಸಿಯೇ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.

ಇಲ್ಲಿರುವುದು ‘ಮರ ಹತ್ತು’, ‘ಗುಡ್ಡ ಹತ್ತು’ ಎನ್ನುವಲ್ಲಿನ ಕ್ರಿಯಾಪದ. ಸುಡುಗಾಡು, ಕಡೆಗೋಲು, ತೂಗುಮಂಚ ಮುಂತಾದ ಪದಗಳಲ್ಲಿ ಧಾತು ನೇರವಾಗಿ ನಾಮಪದದ ಹಿಂದೆ ನಿಂತು ಗಮಕ ಸಮಾಸವಾಗುವಂತೆ, ಹತ್ತುವ ಮೀನು ಹತ್ತುಮೀನಾಗಿದೆ. ಈ ಧಾತು ಹಳಗನ್ನಡದಲ್ಲಿ ‘ಪತ್ತು’. ಸಂಖ್ಯೆಯೂ ಹಳಗನ್ನಡದಲ್ಲಿ ‘ಪತ್ತು’. ಎರಡೂ ಪಕಾರ ಹಕಾರವಾಗುವ ಒಂದೇ ದಾರಿಯಲ್ಲಿ ನಡೆದು ಇಂದು ಒಂದೇ ರೂಪಕ್ಕೆ ಬಂದಿವೆಯೇ ಹೊರತು ಅವುಗಳ ಮೂಲ ಬೇರೆ. ಕ್ರಿಯಾಪದದ ಹಳೆಯ ಅರ್ಥ ಅಂಟಿಕೊಳ್ಳು, ಹಿಡಿದುಕೊಳ್ಳು ಎಂಬುದು. ತಮಿಳಿನ ‘ಪಱ್ಱು’ ಇದರ ನಂಟಿನದು. ಬೆಂಕಿ ಹತ್ತುವುದು, ನಿದ್ದೆ ಹತ್ತುವುದು, ಬೆನ್ನು ಹತ್ತುವುದು ಎಲ್ಲದರಲ್ಲೂ ಆ ಹಿಡಿತದ ಅರ್ಥವೇ ಉಳಿದಿದೆ. ಘಟ್ಟದ ಕೆಳಗಿನ ತುಳುವಿನಲ್ಲಿ ‘ಪತ್ತುನಿ’ ಎಂದರೆ ಹಿಡಿಯುವುದು, ‘ಮೀನ್ ಪತ್ತುನಿ’ ಎಂದರೆ ಮೀನು ಹಿಡಿಯುವುದು. ಆದ್ದರಿಂದ ಹತ್ತುಮೀನು ಎಂದರೆ ‘ಕೈಗೆ ಹತ್ತುವ ಮೀನು’, ಅಂದರೆ ಸುಲಭವಾಗಿ ಸಿಕ್ಕುವ ಮೀನು ಎಂದು ಅರ್ಥ ಮಾಡಬಹುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಮಡುವಿನಿಂದ ಎಷ್ಟು ಸುಲಭವಾಗಿ ಹಿಡಿದ ಮೀನನ್ನೂ ಯಾರೂ ಹತ್ತುಮೀನು ಎನ್ನುವುದಿಲ್ಲ. ಮಳೆಗಾಲದಲ್ಲಿ ಯಾರ ಕೈಗೂ ಸಿಗದೆ ಹಳ್ಳದ ಮೇಲಕ್ಕೆ ಹೋದ ಮೀನೂ ಹತ್ತುಮೀನೇ. ‘ಮೀನು ಹತ್ತುತ್ತಿದೆ’ ಎಂಬ ವಾಕ್ಯದಲ್ಲಿ ಕರ್ತೃ ಮೀನು, ಮನುಷ್ಯನಿಗೆ ಅಲ್ಲಿ ಜಾಗವಿಲ್ಲ.

ಇದಕ್ಕೆ ‘ಏರುಮೀನು’ ಎಂದೇಕೆ ಹೆಸರಾಗಲಿಲ್ಲ ಎಂಬುದೂ ಯೋಚಿಸತಕ್ಕದ್ದು. ಏರು, ಹತ್ತು ಎರಡಕ್ಕೂ ನಿಘಂಟುಗಳು ಹೆಚ್ಚುಕಡಿಮೆ ಒಂದೇ ಅರ್ಥ ಕೊಟ್ಟರೂ ಬಳಕೆಯಲ್ಲಿ ವ್ಯತ್ಯಾಸವಿದೆ. ಬಿಸಿಲು ಏರುತ್ತದೆ, ಜ್ವರ ಏರುತ್ತದೆ, ಹೊಳೆ ಏರುತ್ತದೆ. ಇವು ಯಾವುವೂ ಹತ್ತುವುದಿಲ್ಲ. ಹತ್ತುವುದಕ್ಕೆ ಆಧಾರವೊಂದು ಬೇಕು, ಜಾರುವ ಭಯ ಬೇಕು, ಒಂದೊಂದೇ ಹೆಜ್ಜೆ ಹಿಡಿದು ಮೇಲೆ ಹೋಗುವ ಶ್ರಮ ಬೇಕು. ಹಳ್ಳವೊಂದು ಕಲ್ಲುಹಾಸಿನ ಮೇಲೆ ತೆಳ್ಳಗೆ ಹರಿದು ಬೀಳುವ ಜಾಗದಲ್ಲಿ ಕೂತು ನೋಡಿದವರಿಗೆ ಇದು ಗೊತ್ತಿರುತ್ತದೆ: ಮೀನು ಒಮ್ಮೆ ಬಾಲ ಬಡಿದು ಮೇಲಕ್ಕೆ ಚಿಮ್ಮುತ್ತದೆ, ಕಲ್ಲಿನ ಸಂದಿಯಲ್ಲಿ ಹೊಟ್ಟೆಯೊತ್ತಿ ನಿಲ್ಲುತ್ತದೆ, ನೀರು ತಳ್ಳಿದರೆ ಅರ್ಧ ಮೊಳ ಜಾರುತ್ತದೆ, ಮತ್ತೆ ಚಿಮ್ಮುತ್ತದೆ. ವಿಜ್ಞಾನಿಗಳು ಗಾರಾ ಎನ್ನುವ ಕುಲದ ಸಣ್ಣ ಮೀನುಗಳಿಗಂತೂ ಬಾಯಿಯ ಕೆಳಗೆ ಕಲ್ಲಿಗೆ ಅಂಟಿಕೊಳ್ಳಲು ಬಿಲ್ಲೆಯಂಥ ಭಾಗವೇ ಇದೆ. ಅವು ಧಾತುವಿನ ಹಳೆಯ ಅರ್ಥದಲ್ಲೂ ‘ಪತ್ತು’ತ್ತವೆ. ಹೊಳೆ ಏರಿದಾಗ ಮೀನು ಹತ್ತುತ್ತದೆ ಎಂದು ಎರಡು ಕ್ರಿಯಾಪದಗಳನ್ನು ಬೇರೆ ಬೇರೆಯಾಗಿ ಬಳಸಿದವರ ಕಿವಿ ಬಹಳ ಸೂಕ್ಷ್ಮವಾದದ್ದು.

ಇನ್ನು ಅರ್ಥದ ವಿಷಯ. ಹತ್ತುಮೀನು ಒಂದು ಜಾತಿಯ ಹೆಸರಲ್ಲ. ಗೆಂಡೆ, ಬಾಳೆಮೀನು, ಹಾವುಮೀನು ಎಂದು ಪಟ್ಟಿ ಮಾಡುತ್ತಾ ಅದರ ಕೊನೆಗೆ ಹತ್ತುಮೀನನ್ನೂ ಸೇರಿಸುವುದು ಸರಿಯಲ್ಲ. ಇದು ಮೀನಿನ ಒಂದು ಅವಸ್ಥೆಯ ಹೆಸರು, ಆ ಅವಸ್ಥೆ ಬರುವ ಕಾಲದ ಹೆಸರು. ಬೇಸಿಗೆಯಲ್ಲಿ ಮಡುವಿನಲ್ಲಿ ಬರಿಯ ಗೆಂಡೆಯಾಗಿದ್ದದ್ದು ಮೃಗಶಿರ ಮಳೆಯಲ್ಲೋ ಆರಿದ್ರಾ ಮಳೆಯಲ್ಲೋ ಹತ್ತುಮೀನಾಗುತ್ತದೆ. ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡ ಮೀನಿಗೆ ಹೊಸ ನೀರಿನ ತಂಪು, ಕದಡಿದ ಮಣ್ಣು, ಹರಿವಿನ ರಭಸ ಇವೆಲ್ಲ ಮೇಲಕ್ಕೆ ಹೋಗಲು ಸೂಚನೆ. ದೊಡ್ಡ ಹೊಳೆಯ ಸೆಳೆತದಲ್ಲಿ ಮೊಟ್ಟೆ, ಮರಿ ಉಳಿಯುವುದು ಕಷ್ಟ. ಮೊಣಕಾಲುದ್ದ ನೀರು ನಿಂತ ಗದ್ದೆಯಲ್ಲೂ ಹಳ್ಳದ ಅಂಚಿನ ಹುಲ್ಲಿನಲ್ಲೂ ಮರಿಗೆ ಆಹಾರವಿದೆ, ಮರೆಯಿದೆ. ಶೃಂಗೇರಿಯ ತುಂಗೆಯ ಸ್ನಾನಘಟ್ಟದಲ್ಲೂ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲೂ ಹಿಡಿಯದೆ ಕಾಪಾಡಿಕೊಂಡು ಬಂದ ಮೀನುಗಳನ್ನು ಭಕ್ತರು ದೇವರ ಮೀನು ಎನ್ನುತ್ತಾರೆ. ಅದು ಸ್ಥಳದಿಂದ ಬಂದ ಹೆಸರು, ಇದು ಕಾಲದಿಂದ ಬಂದದ್ದು. ಒಂದೇ ಮೀನಿಗೆ ಎರಡೂ ಹೆಸರು ಸಲ್ಲಬಹುದು.

ನೆರೆಯ ಭಾಷೆಗಳನ್ನು ನೋಡಿದರೆ ನಮ್ಮ ಪದದ ವಿಶೇಷ ಇನ್ನೂ ಸ್ಪಷ್ಟವಾಗುತ್ತದೆ. ತುಳುನಾಡಿನಲ್ಲಿ ಇದೇ ಮೀನಿಗೆ ‘ಉಬರ್ ಮೀನ್’ ಎನ್ನುತ್ತಾರೆ. ಈ ‘ಉಬರ್’ ಕನ್ನಡದ ‘ಉಬ್ಬರ’ಕ್ಕೆ ಬಹಳ ಹತ್ತಿರವಾಗಿ ಕೇಳಿಸುತ್ತದೆ. ಮಲೆಯಾಳದಲ್ಲಿ ‘ಊತ್ತ’ ಎಂದರೆ ಮಳೆಗಾಲದ ಆರಂಭದಲ್ಲಿ ಮೀನುಗಳು ಗುಂಪಾಗಿ ಮೇಲೆ ಬರುವ ಆ ಇಡೀ ವಿದ್ಯಮಾನವೇ. ಈ ಮೂರರಲ್ಲಿ ಮಲೆನಾಡಿನ ಕನ್ನಡ ಮಾತ್ರ ಮೀನು ಮಾಡುವ ಕೆಲಸವನ್ನೇ ಹಿಡಿದು ಹೆಸರಿಟ್ಟಿದೆ. ನಮ್ಮಲ್ಲೂ ವಿದ್ಯಮಾನಕ್ಕೆ ಪ್ರತ್ಯೇಕ ಪದವಿದೆಯೇ, ಉದಾಹರಣೆಗೆ ‘ಹತ್ತು’ ಎಂಬುದನ್ನೇ ನಾಮಪದವಾಗಿ ಯಾವ ಊರಿನಲ್ಲಾದರೂ ಬಳಸುತ್ತಾರೆಯೇ ಎಂಬುದು ನನ್ನ ಮೊದಲ ಪ್ರಶ್ನೆ.

ಇತ್ತೀಚಿನ ಬರಹಗಳಲ್ಲಿ ಇದರ ಬದಲಿಗೆ ‘ವಲಸೆ ಮೀನು’ ಎಂಬುದು ಕಾಣಿಸಿಕೊಳ್ಳುತ್ತಿದೆ. ಶಾಸ್ತ್ರದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ವಲಸೆ ಎಂದೊಡನೆ ಊರು ಬಿಟ್ಟು ದೂರ ಹೋದ ಚಿತ್ರ ಬರುತ್ತದೆ. ಮಲಪ್ರಭೆಯ ಕಡೆಯ ಕೂಲಿಕಾರರಿಗೂ ಮಂಡಗದ್ದೆಗೆ ಬರುವ ಹಕ್ಕಿಗಳಿಗೂ ಒಗ್ಗುವ ಆ ಪದ, ಹೊಳೆಯಿಂದ ಪಕ್ಕದ ಗದ್ದೆಗೆ ಹತ್ತಿ ಮತ್ತೆ ಹೊಳೆಗೇ ಇಳಿಯುವ ಮೀನಿಗೆ ಅಷ್ಟಾಗಿ ಒಗ್ಗುವುದಿಲ್ಲ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಮೊಟ್ಟೆಯಿಡುವ ಕಾಲವೆಂದು ಮಳೆಗಾಲದ ಮೊದಲ ಭಾಗದಲ್ಲಿ ಹೊಳೆ, ಜಲಾಶಯಗಳಲ್ಲಿ ಮೀನು ಹಿಡಿಯುವುದನ್ನು ಸರ್ಕಾರ ನಿಷೇಧಿಸುತ್ತದೆ. ಆ ಪ್ರಕಟಣೆಗಳ ಭಾಷೆ ‘ಮತ್ಸ್ಯಗಳ ಸಂತಾನೋತ್ಪತ್ತಿ ಅವಧಿ’ ಎಂಬ ಬಗೆಯದು. ‘ಇದು ಹತ್ತುಮೀನಿನ ಕಾಲ, ಹೊಟ್ಟೆಯಲ್ಲಿ ಮೊಟ್ಟೆಯಿರುವ ಮೀನನ್ನು ಹಿಡಿಯಬೇಡಿ’ ಎಂದು ಬರೆದರೆ ಹಳ್ಳದ ದಂಡೆಯಲ್ಲಿ ನಿಂತವರಿಗೆ ಯಾವ ದಿನ, ಯಾವ ಮೀನು, ಏಕೆ ಎಂಬುದು ಒಂದೇ ಪದದಲ್ಲಿ ತಿಳಿಯುತ್ತದೆ. ಒಂದು ರಾತ್ರಿಯಲ್ಲಿ ಚೀಲಗಟ್ಟಲೆ ಮೊಟ್ಟೆಮೀನು ಹಿಡಿದರೆ ಮುಂದಿನ ವರ್ಷಗಳಲ್ಲಿ ಹತ್ತಲು ಮೀನೇ ಇರುವುದಿಲ್ಲ. ಇದನ್ನು ಹೇಳುವುದಕ್ಕೆ ಜನರದೇ ಪದ ಸಿದ್ಧವಾಗಿರುವಾಗ ಅದನ್ನು ಬಿಟ್ಟು ಬೇರೆ ಪದ ಹುಡುಕುವುದು ನನಗೆ ಸರಿಕಾಣುವುದಿಲ್ಲ.

ಹಿಡಿಯುವ ಕೆಲಸದ ಪದಗಳಲ್ಲಿ, ಕೂಳಿ, ಕೂಣಿಗಳಿಗೆ ಬರುವ ಮೊದಲು, ಬೇರೆ ಎರಡನ್ನು ಎತ್ತಿಕೊಳ್ಳುತ್ತೇನೆ. ಮೊದಲನೆಯದು ‘ಕಡಿ’. ರಾತ್ರಿ ಕಂಬಳಿಕೊಪ್ಪೆ ಹಾಕಿಕೊಂಡು ಬೆಳಕು ಹಿಡಿದು ಗದ್ದೆಬಯಲಿಗೆ ಹೋದವರು, ಬೆನ್ನು ಕಾಣುವಷ್ಟು ತೆಳುವಾದ ನೀರಿನಲ್ಲಿ ಹೋಗುತ್ತಿರುವ ಮೀನನ್ನು ಕತ್ತಿಯಿಂದ ಹೊಡೆಯುತ್ತಾರೆ. ಇದಕ್ಕೆ ‘ಮೀನು ಕಡಿಯುವುದು’ ಎನ್ನುತ್ತಾರೆ. ಬೇರೆ ಕಡೆಯವರು ಇದನ್ನು ಅಡುಗೆಮನೆಯ ಕೆಲಸವೆಂದು ತಿಳಿದರೆ ವಾಕ್ಯವೇ ಬುಡಮೇಲಾಗುತ್ತದೆ. ಸಾಮಾನ್ಯ ನಿಘಂಟಿನಲ್ಲಿ ‘ಕಡಿ’ಯ ಕೆಳಗೆ ಈ ಪ್ರಯೋಗಕ್ಕೂ ಒಂದು ಸಾಲು ಇರಬೇಕು. ಎರಡನೆಯದು ‘ಗಾಣ’. ಮಲೆನಾಡಿನಲ್ಲೂ ಕರಾವಳಿಯಲ್ಲೂ ಗಾಳಕ್ಕೆ ಗಾಣ ಎನ್ನುವವರಿದ್ದಾರೆ. ಎರೆಹುಳ ಚುಚ್ಚಿ ಕೆಂಪು ನೀರಿಗೆ ‘ಗಾಣ ಹಾಕಿ’ ಕೂರುತ್ತಾರೆ. ಕಬ್ಬಿನ ಗಾಣ, ಎಣ್ಣೆಯ ಗಾಣಗಳಿಗೂ ಇದಕ್ಕೂ ಸಂಬಂಧವಿಲ್ಲ, ಇದು ಗಾಳದ ಳಕಾರ ಣಕಾರವಾದ ರೂಪ.

ಈ ಳಕಾರ-ಣಕಾರದ ಮಾತು ನನಗೆ ಮುಖ್ಯವಾಗಿರುವುದು ‘ಕೂಳಿ’ ಮತ್ತು ‘ಕೂಣಿ’ಗಳಿಂದಾಗಿ. ಹತ್ತುಮೀನಿಗೆ ಒಡ್ಡುವ ಕೂಳಿ ಬಿದಿರಿನ ತೆಳುವಾದ ಸೀಳುಗಳನ್ನು ಬಳ್ಳಿಯಿಂದ ಹೆಣೆದು ಮಾಡಿದ್ದು. ಬಾಯಿ ಅಗಲ, ಹಿಂದೆ ಹೋಗುತ್ತಾ ಕಿರಿದು. ಬಾಯಿಯ ಒಳಗೆ ಎರಡನೆಯದೊಂದು ಬಾಯಿ ಇರುತ್ತದೆ. ಅದರ ಕಡ್ಡಿಗಳ ಮೊನೆಗಳು ಒಳಮುಖವಾಗಿ ಒಂದಕ್ಕೊಂದು ಹತ್ತಿರ ಬಂದಿರುವುದರಿಂದ, ನುಗ್ಗುವ ಮೀನಿಗೆ ಅವು ಬಾಗಿ ದಾರಿ ಬಿಡುತ್ತವೆ, ತಿರುಗಿ ಬರುವ ಮೀನಿನ ಮುಖಕ್ಕೆ ಚುಚ್ಚುತ್ತವೆ. ಹಳ್ಳಕ್ಕೆ ಅಡ್ಡಲಾಗಿ ಕಲ್ಲು, ಸೊಪ್ಪು, ಮಣ್ಣು ಒಟ್ಟಿ, ನಡುವೆ ಬಿಟ್ಟ ಕಂಡಿಯಲ್ಲಿ ಬಾಯಿ ಕೆಳಮುಖವಾಗಿ ಬರುವಂತೆ ಇದನ್ನು ಕೂರಿಸುತ್ತಾರೆ. ನೀರು ಸೀಳುಗಳ ಸಂದಿಯಿಂದ ಹರಿದು ಹೋಗುತ್ತದೆ, ಕೆಳಗಿನಿಂದ ಹತ್ತಿ ಬಂದ ಮೀನು ಉಳಿಯುತ್ತದೆ.

ಸಾಗರ, ಸೊರಬದ ಕಡೆಯ ಕೆರೆಬೇಟೆಯಲ್ಲಿ ಕೂಣಿ ಎಂದರೆ ಬೇರೆಯದೇ ಸಾಧನ. ಬೇಸಿಗೆಯಲ್ಲಿ ಕೆರೆಯ ನೀರು ತಗ್ಗಿದಾಗ ಊರಿಗೆ ಊರೇ ಇಳಿದು, ತಳವಿಲ್ಲದ ಬಿದಿರಿನ ಕೂಣಿಯನ್ನು ಕೆಸರಿಗೆ ಒತ್ತುತ್ತಾ ಹೋಗಿ, ಒಳಗೆ ಮೀನು ಸಿಕ್ಕಿ ಹೊಡೆದುಕೊಂಡದ್ದು ಕೈಗೆ ತಿಳಿದರೆ ಮೇಲಿನ ಕಿರಿಬಾಯಿಯಿಂದ ಕೈಯಿಳಿಸಿ ಎತ್ತುತ್ತಾರೆ. ಒಂದು ಹರಿವ ನೀರಿನಲ್ಲಿ ಇಟ್ಟು ಬರುವ ಸಾಧನ, ಇನ್ನೊಂದು ನಿಂತ ನೀರಿನಲ್ಲಿ ಕೈಯಲ್ಲಿ ಹಿಡಿದು ನಡೆಯುವ ಸಾಧನ. ಗಾಳ-ಗಾಣಗಳ ಜೋಡಿ ಕಣ್ಣ ಮುಂದಿರುವಾಗ ಕೂಳಿ-ಕೂಣಿಗಳೂ ಮೂಲದಲ್ಲಿ ಒಂದೇ ಪದವೆಂದೂ, ಎರಡು ರೂಪಗಳು ಉಳಿದ ಕಡೆ ಜನ ಅವುಗಳನ್ನು ಎರಡು ಸಾಧನಗಳಿಗೆ ಹಂಚಿಕೊಂಡರೆಂದೂ ನನಗೆ ತೋರುತ್ತದೆ. ಆದರೆ ಎರಡೂ ಸಾಧನಗಳಿಗೆ ಕೂಣಿ ಎಂದೇ, ಅಥವಾ ಎರಡಕ್ಕೂ ಕೂಳಿ ಎಂದೇ ಹೇಳುವ ಊರುಗಳಿದ್ದರೆ ಈ ಊಹೆಗೆ ಬಲ ಬರುತ್ತದೆ. ಅಂಥ ಊರುಗಳವರು ದಯವಿಟ್ಟು ತಿಳಿಸಬೇಕು. ಭತ್ತ ಕೊಯ್ದ ಮೇಲೆ ಉಳಿಯುವ ‘ಕೂಳೆ’ಯನ್ನು ಇದರೊಡನೆ ಬೆರೆಸಬಾರದು. ಕೂಳಿಯ ಒಳಬಾಯಿಗೆ ಹೆಣೆಯುವವರು ಏನೆನ್ನುತ್ತಾರೆ ಎಂಬುದನ್ನೂ ಬರೆದರೆ ಉಪಕಾರ. ಬಿದಿರಿನ ಬದಲು ನೈಲಾನ್ ಬಲೆ ಬಂದಿರುವುದರಿಂದ ಮೊದಲು ಮರೆಯಾಗುವುದು ಇಂಥ ಬಿಡಿಭಾಗಗಳ ಹೆಸರುಗಳೇ.

ಕೊನೆಯ ಪ್ರಶ್ನೆ ಮರುಪ್ರಯಾಣದ್ದು. ಮಳೆ ಕಡಿಮೆಯಾಗಿ ಗದ್ದೆಯ ನೀರು ಬಸಿಯತೊಡಗಿದಾಗ ದೊಡ್ಡ ಮೀನು, ಬೆಳೆದ ಮರಿ ಎಲ್ಲವೂ ಹೊಳೆಗೆ ಇಳಿಯುತ್ತವೆ. ಆಗ ಅದೇ ಕಂಡಿಯಲ್ಲಿ ಕೂಳಿಯ ಬಾಯಿಯನ್ನು ಮೇಲ್ಮುಖವಾಗಿ ತಿರುಗಿಸಿ ಇಟ್ಟರೆ ಇಳಿಯುವ ಮೀನು ಬೀಳುತ್ತದೆ. ಹತ್ತುವುದಕ್ಕೆ ಹೆಸರಿರುವಂತೆ ಈ ಇಳಿಯುವುದಕ್ಕೂ ‘ಇಳಿಮೀನು’ ಎಂಬಂಥ ಹೆಸರು ಇದೆಯೇ? ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ಅಣೆಕಟ್ಟಿನ ಮೇಲಿನ ಶರಾವತಿಯ ದೊಡ್ಡ ಭಾಗ ಹಿನ್ನೀರಾಗಿ, ಅಲ್ಲಿನ ಮೀನು ಹೊಳೆಯಿಂದಲ್ಲದೆ ಜಲಾಶಯದಿಂದ ಹಳ್ಳಕ್ಕೆ ಹತ್ತುವಂತಾಗಿದೆ. ಹಿನ್ನೀರಿನ ಊರುಗಳಲ್ಲಿ ಈ ಪದಗಳು ಹಾಗೇ ಉಳಿದಿವೆಯೋ ಬದಲಾಗಿವೆಯೋ ಎಂಬುದನ್ನೂ ತಿಳಿಯಬೇಕಾಗಿದೆ. ಉತ್ತರಿಸುವವರು ಪದದ ಜೊತೆಗೆ ತಾಲ್ಲೂಕು ಯಾವುದು, ಯಾವ ಮಳೆಯ ಕಾಲದ ಮಾತು, ಪದ ಎಂಥ ವಾಕ್ಯದಲ್ಲಿ ಬಂತು ಎಂಬುದನ್ನು ಆಡಿದ ಹಾಗೆಯೇ ಬರೆದು ಕಳಿಸಬೇಕೆಂದು ಕೋರುತ್ತೇನೆ.