ಜರ್ಮನಿಯಲ್ಲಿ ಕಳೆದ ಒಂದು ಸೆಮಿಸ್ಟರನ್ನು ಪಿಪಿಟಿ ಬಿಟ್ಟು ಬೇರೆ ಹೇಗೆ ಹೇಳಲಿ?

ಸಾಧನಕೇರಿ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಎಂ.ಎಸ್ಸಿ. ಓದ್ತಾ ಇದ್ದೇನೆ. ಹೋದ ವರ್ಷ ಸೆಪ್ಟೆಂಬರ್ ಕೊನೆಗೆ ಜರ್ಮನಿಗೆ ಹೋಗಿ, ಚಳಿಗಾಲದ ಸೆಮಿಸ್ಟರ್ ಮುಗಿಸಿ ಬಂದೆ. ಈಗ ಕಾಲೇಜಿನಲ್ಲಿ ಹೊರದೇಶಕ್ಕೆ ಹೋಗಿ ಬಂದವರೆಲ್ಲ ತಲಾ ಇಪ್ಪತ್ತು ನಿಮಿಷ ಅನುಭವ ಹೇಳಬೇಕಂತೆ. ನಾನೂ ಪಿಪಿಟಿ ಮಾಡಲು ಕೂತೆ. ಹದಿನಾಲ್ಕು ಸ್ಲೈಡ್ ಆಯಿತು. ಹಿಮ, ಸೇತುವೆ, ಹಳೇ ಚರ್ಚು. ಎಲ್ಲ ಫೋಟೋ ಚೆನ್ನಾಗಿವೆ, ಆದರೆ ನಾನು ಅಲ್ಲಿ ಬದುಕಿದ್ದು ಒಂದರಲ್ಲೂ ಇಲ್ಲ.

ನನಗೆ ನೆನಪಿರುವುದೇ ಬೇರೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಹಾಕುತ್ತಾರೆ. ಫೋನಿನಲ್ಲಿ ತಾನಾಗಿಯೇ ಬದಲಾಯಿತು, ನನಗೆ ಗೊತ್ತೇ ಆಗಲಿಲ್ಲ. ದಿನಾ ಅಲ್ಲಿಯ ಸಂಜೆ ಐದೂವರೆಗೆ, ಅಂದರೆ ಇಲ್ಲಿಯ ರಾತ್ರಿ ಒಂಬತ್ತಕ್ಕೆ, ಅವ್ವಗೆ ಫೋನ್ ಮಾಡುತ್ತಿದ್ದೆ. ಅವತ್ತೂ ಐದೂವರೆಗೇ ಮಾಡಿದೆ, ಇಲ್ಲಿ ಆಗಲೇ ಹತ್ತು. ಅವ್ವ ಒಂದು ತಾಸು ಊಟ ಮಾಡದೆ ಫೋನ್ ಕೈಯಲ್ಲಿ ಹಿಡಿದು ಕೂತಿದ್ದಳು. ವಿಷಯ ಹೇಳಿದರೆ "ಅಲ್ಲಿ ಹೊತ್ತನ್ನೂ ಹಿಂದಕ್ಕ ತಿರುಗಸ್ತಾರನು?" ಅಂದಳು.

ಅದೇ ಭಾನುವಾರ ಅಂಗಡಿಗಳೆಲ್ಲ ಬಂದ್. ಅಲ್ಲಿ ಭಾನುವಾರ ದಿನಸಿ ಅಂಗಡಿ ತೆಗೆಯುವುದಿಲ್ಲ, ಕಾನೂನೇ ಹಾಗಿದೆ. ನನ್ನ ಹತ್ತಿರ ಉಳಿದಿದ್ದು ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಪುಡಿ ಮಾತ್ರ. ಪಕ್ಕದ ಕೋಣೆಯ ಟರ್ಕಿಯ ಹುಡುಗಿ ಕೆಂಪು ಬೇಳೆಯ ಸೂಪ್ ಮಾಡಿದ್ದಳು. ರೊಟ್ಟಿ ಮುರಿದು ಅದರಲ್ಲಿ ಹಾಕಿಕೊಂಡು ಇಬ್ಬರೂ ತಿಂದೆವು. ಅವಳಿಗೆ ರೊಟ್ಟಿ ಮುರಿಯುವ ಸಪ್ಪಳ ಬಹಳ ಇಷ್ಟವಾಯಿತು, ಸುಮ್ನೆ ಇನ್ನೊಂದು ಮುರಿದಳು.

ಇದನ್ನು ಸ್ಲೈಡಿನಲ್ಲಿ ಹೇಗೆ ಹಾಕುವುದು? ನನಗೆ ಚಿತ್ರ ಬರುವುದಿಲ್ಲ, ಹಾಡು ಬರುವುದಿಲ್ಲ. ಅಜ್ಜಿ ಕಲಿಸಿದ ಕಸೂತಿ ಸ್ವಲ್ಪ ಬರುತ್ತದೆ. ಮೂರು ವಾರ ಸಮಯ ಇದೆ. ಏನು ಮಾಡಲಿ?

ಗದಗ_ಅಚ್ಚುಮೊಳೆ:

ನೀವು ಇಲ್ಲಿ ಬರೆದದ್ದೇ ಅರ್ಧ ಕೆಲಸ ಆಯ್ತಲ್ರೀ. ಪುಟ್ಟ ಪುಸ್ತಕ ಮಾಡಿ. ಒಂದು ಎ4 ಹಾಳೆಯನ್ನು ಎಂಟು ಭಾಗ ಬರುವಂತೆ ಮಡಚಿ, ನಡುವೆ ಒಂದೇ ಕಡೆ ಕತ್ತರಿಸಿ ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಕ ಆಗುತ್ತದೆ. ಹೊಲಿಗೆ ಬೇಡ, ಪಿನ್ ಬೇಡ. ಕೈಯಲ್ಲೇ ಬರೆಯಿರಿ, ಝೆರಾಕ್ಸ್ ಮಾಡಿಸಿ, ಬಂದವರ ಕೈಗೆಲ್ಲ ಒಂದೊಂದು ಕೊಡಿ. ನಾನು ಇಂಗ್ಲೆಂಡಿನಲ್ಲಿ ಒಂದು ವರ್ಷ ಓದುವಾಗ ಬಸ್ ಟಿಕೆಟ್ ಅಂಟಿಸಿ ಇಂಥದ್ದೇ ಒಂದು ಮಾಡಿದ್ದೆ. ಅಲ್ಲಿ ತೆಗೆದ ಫೋಟೋ ಹಳೇ ಫೋನಿನ ಜೊತೆ ಹೋದವು. ಆ ಪುಸ್ತಕ ಇನ್ನೂ ಇದೆ.

ಒಂದು ಮಾತು, ಇಡೀ ಜರ್ಮನಿ ಹೇಳಲು ಹೋಗಬೇಡಿ. ಆ ಒಂದು ಭಾನುವಾರ ಸಾಕು.

ಹಾವೇರಿ_ತಂದೆ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರಾಗಬೇಡಮ್ಮ. ನನ್ನ ಮಗಳೂ ಜರ್ಮನಿಗೆ ಹೋಗಬೇಕು ಅಂತಿದ್ದಾಳೆ. ನಮ್ಮಂಥವರು ಬಂದು ಕೂತರೆ ಮೊದಲು ಕೇಳುವುದು ಖರ್ಚು. ಅಲ್ಲಿ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅಂತ ತಿಳಿದು ಖುಷಿಪಟ್ಟೆವು. ಆಮೇಲೆ ಗೊತ್ತಾಯಿತು, ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮ ಕಡೆಯ ಮಕ್ಕಳಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮೇಲಾಗಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ವರ್ಷಕ್ಕೆ ಆಗುವಷ್ಟು ಹಣ ತೋರಿಸಬೇಕು, 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ತಿಂಗಳಿಗೆ 992ರ ಲೆಕ್ಕ. ಅಷ್ಟು ದುಡ್ಡು ಒಮ್ಮೆಲೇ ಹೊಂದಿಸುವುದು ಒಬ್ಬ ರೈತನಿಗೆ ಸಣ್ಣ ಮಾತಲ್ಲ. ಕಲೆ ಮಾಡು, ಖಂಡಿತ ಮಾಡು. ಆದರೆ ಇದನ್ನೂ ಎಲ್ಲಾದರೂ ಸೇರಿಸು. ಅವ್ವ ಊಟ ಬಿಟ್ಟು ಕೂತಿದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಆಕೆ ಏನೂ ಮಾತಾಡಲಿಲ್ಲ.

ಗವಂತಿ_ಅಕ್ಕ:

ತಂಗಿ, ಕಸೂತಿ ಬರುತ್ತೆ ಅಂತ ಕೊನೆಗೆ ಹೇಳ್ತೀಯಲ್ಲ, ಅದನ್ನೇ ಮೊದಲು ಹೇಳಬೇಕಿತ್ತು!

ನಾನು ಹುಬ್ಬಳ್ಳಿಯವಳು. ಜವಳಿ ವಿನ್ಯಾಸ ಓದುವಾಗ ಒಂದು ತಿಂಗಳು ವಿಯೆನ್ನಾದಲ್ಲಿದ್ದೆ. ಅಲ್ಲಿಯ ಮ್ಯೂಸಿಯಂನಲ್ಲಿ ಹ್ಯಾನ್ಸ್ ಹೋಲ್ಬೈನ್ ಬರೆದ ಇಂಗ್ಲೆಂಡಿನ ರಾಣಿ ಜೇನ್ ಸೀಮೋರಳ ಚಿತ್ರ ಇದೆ, 1536ರ ಸುಮಾರಿನದು. ಎಲ್ಲರೂ ಅವಳ ಒಡವೆ ನೋಡುತ್ತಿದ್ದರು. ನಾನು ತೋಳಿನ ತುದಿಯ ಬಿಳಿ ಬಟ್ಟೆ ನೋಡಿದೆ. ಅದರ ಮೇಲೆ ಕಪ್ಪು ದಾರದ ಹೊಲಿಗೆ. ಅರೆ, ಇದು ನಮ್ಮ ಕಸೂತಿಯ ಗವಂತಿ ಹೊಲಿಗೆ ಅಲ್ವಾ ಅನ್ನಿಸಿತು. ಅವರು ಅದನ್ನು ಆ ಚಿತ್ರಕಾರನ ಹೆಸರಿನಿಂದಲೇ ಹೋಲ್ಬೈನ್ ಹೊಲಿಗೆ ಅಂತಾರೆ. ಅವನು ಹುಟ್ಟಿದ್ದು ಆಗ್ಸ್‌ಬರ್ಗ್‌ನಲ್ಲಿ, ನೀನು ಹೋಗಿ ಬಂದ ದೇಶದಲ್ಲೇ. ಯಾರು ಯಾರಿಂದ ಕಲಿತರು ಅಂತ ಮಾತ್ರ ಹೇಳಲು ಹೋಗಬೇಡ. ಬಟ್ಟೆಯ ಎಳೆ ಎಣಿಸಿ ಹೊಲಿಯುವ ಕೈಗಳು ಎರಡು ಕಡೆಯೂ ಇದ್ದವು, ಅಷ್ಟು ಸಾಕು.

ಗವಂತಿ ಹೇಗೆ ಅಂತ ನಿನಗೆ ಗೊತ್ತು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಗೆರೆ ತುಂಬ ಸಂದು. ಬರುವಾಗ ಅದೇ ದಾರಿಯಲ್ಲಿ ಆ ಸಂದುಗಳನ್ನು ತುಂಬುತ್ತಾ ಬರಬೇಕು. ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ಥರ ಕಾಣಬೇಕು. ಒಂದು ಮೊಳ ಬಟ್ಟೆ ತಗೋ. ಒಂದು ತುದಿಯಲ್ಲಿ ನಿಮ್ಮ ಮನೆಯ ತುಳಸಿಕಟ್ಟೆ, ಇನ್ನೊಂದು ತುದಿಯಲ್ಲಿ ಆ ಅಡುಗೆಮನೆಯ ಕಿಟಕಿ. ನಡುವಿನ ಗೆರೆಯನ್ನು ಹೋಗುವಷ್ಟು ಮಾತ್ರ ಮನೆಯಲ್ಲಿ ಹೊಲಿದು ತಗೊಂಡು ಹೋಗು. ವಾಪಸ್ ಬರುವ ಹೊಲಿಗೆಯನ್ನು ಅವರ ಮುಂದೆ ಕೂತು ಹಾಕುತ್ತಾ ಭಾನುವಾರದ ಕಥೆ ಹೇಳು. ಇಪ್ಪತ್ತು ನಿಮಿಷಕ್ಕೆ ಒಂದು ಗೇಣಾದರೂ ಆಗುತ್ತೆ.

ಸಾಧನಕೇರಿ_ಹುಡುಗಿ:

ಅಕ್ಕಾ, ಓದಿದ ಕೂಡಲೇ ಅಜ್ಜಿಯ ಸೂಜಿ ಡಬ್ಬಿ ಹುಡುಕಿದೆ. ತುಳಸಿಕಟ್ಟೆ ಮುಗಿಯಿತು. ಗದಗದ ಸರ್ ಹೇಳಿದ ಎಂಟು ಪುಟದ ಪುಸ್ತಕವನ್ನೂ ಮಾಡುತ್ತೇನೆ. ಅದರಲ್ಲಿ ಕೊನೆಯ ನಾಲ್ಕು ಪುಟ ಖರ್ಚಿನದು. ಕೋಣೆ ಬಾಡಿಗೆ, ವಿಮೆ, ದಿನಸಿ, ಎಲ್ಲವನ್ನೂ ನಾನು ಕೊಟ್ಟ ಲೆಕ್ಕದಲ್ಲೇ ಬರೆಯುತ್ತೇನೆ. ಕಾಕಾ, ನಿಮ್ಮ ಮಗಳಿಗೆ ಒಂದು ಪ್ರತಿ ಇಟ್ಟಿರುತ್ತೇನೆ, ಏನಾದರೂ ಕೇಳುವುದಿದ್ದರೆ ನೇರವಾಗಿ ನನಗೇ ಕೇಳಲಿ.

ಟರ್ಕಿಯ ಹುಡುಗಿಗೂ ಫೋಟೋ ಕಳಿಸಿದೆ. ಕಿಟಕಿಯ ಪಕ್ಕ ಸೂಪಿನ ಪಾತ್ರೆಯೂ ಇರಲಿ ಅಂದಳು.

ಅಕ್ಕಾ, ಒಂದೇ ತೊಂದರೆ. ಮೂಲೆ ತಿರುಗುವ ಕಡೆ ಹಿಂಬದಿ ಕೆಡ್ತಾ ಇದೆ, ದಾರ ಅಡ್ಡ ಹಾಯುತ್ತದೆ. ಎರಡು ಸಲ ಬಿಚ್ಚಿದೆ. ಶನಿವಾರ ಹುಬ್ಬಳ್ಳಿಗೆ ಬಂದರೆ ಸಿಗ್ತೀರಾ? ಬಟ್ಟೆ ಹಿಡಿದುಕೊಂಡೇ ಬರುತ್ತೇನೆ.