ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದಿದೆ, ನೋವು ಮಾತ್ರ ಇಲ್ಲ. ತಂಗಿಗೂ ನನ್ನ ಕಾಯಿಲೆ ಬರತ್ತಾ?

ಅಚ್ಚುಮನೆ_ಅಕ್ಕ:

ನಾನು ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಡಿಟಿಪಿ ಆಪರೇಟರ್. ಕವನ ಸಂಕಲನ, ಅಭಿನಂದನ ಗ್ರಂಥ, ಮದುವೆ ಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡು, ಏನು ಬಂದರೂ ಟೈಪ್ ಮಾಡಿ ಪುಟ ಕಟ್ಟಿ ಕೊಡ್ತೀನಿ. ಹೋದ ವರ್ಷ ರಾಜ್ಯೋತ್ಸವದ ಸುಗ್ಗಿಯಲ್ಲಿ ಎಡಗೈ ತೋರುಬೆರಳಿನ ಬುಡದ ಗೆಣ್ಣು ಊದಿಕೊಂಡಿತು. ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡೋರಿಗೆ ಗೊತ್ತಿರತ್ತೆ, ಒತ್ತಕ್ಷರ ಬಂದಾಗಲೆಲ್ಲ ಎಫ್ ಕೀ ಒತ್ತಬೇಕು, ಅದು ಆ ಬೆರಳಿನ ಪಾಲಿನ ಕೆಲಸ. ಪಾಪ, ನಮ್ಮ ಓನರ್ರು ಹೊಸ ಕೀಬೋರ್ಡ್ ತರಿಸಿಕೊಟ್ಟರು. ಸ್ವಲ್ಪ ದಿನಕ್ಕೆ ಬಲಗೈ ಗೆಣ್ಣುಗಳೂ ಊದಿದವು, ಆಮೇಲೆ ಕೀಬೋರ್ಡನ್ನೇ ಮುಟ್ಟದ ಪಾದದ ಬೆರಳುಗಳ ಬುಡವೂ ಊದಿತು. ಬೆಳಿಗ್ಗೆ ಎದ್ದರೆ ಒಂದು ಗಂಟೆ ಹೊತ್ತು ಮುಷ್ಟಿ ಕಟ್ಟೋಕೇ ಆಗ್ತಿರಲಿಲ್ಲ. ಗ್ಯಾಸ್ ಒಲೆಯ ನಾಬ್ ತಿರುಗಿಸೋಕೆ ಮಗನನ್ನ ಕರೀಬೇಕು. ಅವನು ಎಸ್ಸೆಸ್ಸೆಲ್ಸಿ, ಅವನಿಗೂ ಬೆಳಿಗ್ಗೆ ಟ್ಯೂಷನ್.

ರುಮಟಾಲಜಿಸ್ಟ್, ಅಂದರೆ ಸಂಧಿವಾತದ ಡಾಕ್ಟರು, ನೋಡಿ ರುಮಟಾಯ್ಡ್ ಆರ್ಥ್ರೈಟಿಸ್ (ಆರ್‌ಎ) ಅಂದರು. ರಕ್ತಪರೀಕ್ಷೆಯಲ್ಲಿ ಆಂಟಿ ಸಿಸಿಪಿ ಅನ್ನೋದು ತುಂಬಾ ಜಾಸ್ತಿ ಇದೆ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ತಗೋತಿದೀನಿ, ಈಗ ಪರವಾಗಿಲ್ಲ, ಮತ್ತೆ ಕೆಲಸಕ್ಕೆ ಹೋಗ್ತಿದೀನಿ.

ಕೇಳಬೇಕಾಗಿರೋದು ನನ್ನ ತಂಗಿ ಬಗ್ಗೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಅವಳು. ಯಾವುದೋ ಲ್ಯಾಬಿನ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜ್ ಮಾಡಿಸಿಕೊಂಡಳು, ಅದರಲ್ಲಿ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಅಂತ ಬಂದಿದೆ. ಅವಳಿಗೆ ಒಂದು ಚೂರೂ ನೋವಿಲ್ಲ. ಅವಳ ಗಂಡನ ಮನೆಯಲ್ಲಿ ‘ನಿಮ್ಮದು ಆ ವಂಶವೇನೋ’ ಅಂತ ಶುರು ಮಾಡಿದಾರೆ. ಈಗಲೇ ಮಾತ್ರೆ ಶುರು ಮಾಡಬೇಕಾ?

ಇನ್ನೊಂದು. ನನಗೆ ಇದು ಯಾಕೆ ಬಂತು? ನಮ್ಮತ್ತೆ ಪ್ರಕಾರ ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದಕ್ಕೆ. ಓನರ್ ಪ್ರಕಾರ ಎಸಿ. ನಮ್ಮೂರು ತುಮಕೂರು ಕಡೆ, 2006ರಲ್ಲಿ ನನಗೆ ಚಿಕೂನ್‌ಗುನ್ಯಾ ಆಗಿತ್ತು, ಅದೇ ಉಳಕೊಂಡಿದೆ ಅಂತ ಅಮ್ಮ. ಸಂಶೋಧನೆ ಮಾಡೋರು ಏನು ಹೇಳ್ತಾರೆ ಅಂತ ಗೊತ್ತಿರೋರು ಹೇಳಿ.

ಸಂಪಿಗೆ_ರಸ್ತೆ:

ಅಕ್ಕ, ಹುಳಿ, ಆಲೂಗೆಡ್ಡೆ, ಬದನೆಕಾಯಿ, ಕಡಲೆಬೇಳೆ ನಾಲ್ಕೂ ಬಿಟ್ಟು ನೋಡಿ. ಎಲ್ಲಾ ವಾಯು. ನಮ್ಮ ಚಿಕ್ಕಮ್ಮನಿಗೆ ಮಂಡಿನೋವು ಅರ್ಧ ಕಡಿಮೆ ಆಯ್ತು.

ಸೀರಂ_ರಾಯರು:

ಚಿಕ್ಕಮ್ಮನ ಮಂಡಿ ಸವೆದ ಮಂಡಿ ಇರಬಹುದು ಸ್ವಾಮಿ, ಅದು ಬೇರೆ ಜಾತಿಯ ಕಾಯಿಲೆ. ಅದರಲ್ಲಿ ಬೆಳಗಿನ ಬಿಗಿತ ಹತ್ತು ಹದಿನೈದು ನಿಮಿಷಕ್ಕೆ ಬಿಡುತ್ತೆ, ಓಡಾಡಿದಷ್ಟೂ ನೋವು ಹೆಚ್ಚುತ್ತೆ. ಈ ತಾಯಿ ಹೇಳುತ್ತಿರುವುದು ಉರಿಯೂತದ ಸಂಧಿವಾತ. ಗಂಟೆಗಟ್ಟಲೆ ಬಿಗಿತ, ಬೆರಳಿನ ಬುಡದ ಮತ್ತು ನಡುವಿನ ಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ, ಎರಡೂ ಕಡೆ. ಉಗುರಿನ ಪಕ್ಕದ ತುದಿಗೆಣ್ಣನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ನಾನು ಡಾಕ್ಟರಲ್ಲ. ರಾಜಾಜಿನಗರದವನು, ಲ್ಯಾಬ್ ಟೆಕ್ನೀಷಿಯನ್ ಆಗಿ ನಿವೃತ್ತ. ಸರ್ವೀಸಿನ ಬಹುಪಾಲು ಸೆರಾಲಜಿ ಬೆಂಚಿನಲ್ಲೇ, ಅಂದರೆ ರಕ್ತದ ಆಂಟಿಬಾಡಿ ಪರೀಕ್ಷೆಗಳಲ್ಲೇ, ಕಳೆಯಿತು. ಹಾಗಾಗಿ ತಂಗಿಯ ರಿಪೋರ್ಟಿನ ಬಗ್ಗೆ ಮೊದಲು ಹೇಳುತ್ತೇನೆ, ಅದು ನನ್ನ ಕೈಯಲ್ಲಿ ಓಡಾಡಿದ ಪರೀಕ್ಷೆ.

ಕಪ್ಪು ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಸೀರಂ, ಒಂದು ಹನಿ ಲ್ಯಾಟೆಕ್ಸ್. ಕಡ್ಡಿಯಲ್ಲಿ ಕಲೆಸಿ, ದೀಪದ ಕೆಳಗೆ ಎರಡು ನಿಮಿಷ ಆಡಿಸಬೇಕು. ಹಾಲಿನಂತಿದ್ದದ್ದು ರವೆಯ ಹಾಗೆ ಒಡೆದರೆ ಪಾಸಿಟಿವ್. ಅಷ್ಟೇ. ಲ್ಯಾಟೆಕ್ಸ್ ಕಣಗಳಿಗೆ ಮನುಷ್ಯರದೇ ಆಂಟಿಬಾಡಿ ಲೇಪಿಸಿರುತ್ತಾರೆ. ಆ ಆಂಟಿಬಾಡಿಯ ವಿರುದ್ಧವೇ ಇನ್ನೊಂದು ಆಂಟಿಬಾಡಿ ರಕ್ತದಲ್ಲಿದ್ದರೆ ಕಣಗಳು ಒಂದಕ್ಕೊಂದು ಅಂಟುತ್ತವೆ. ಇದನ್ನು ಮೊದಲು ಕಂಡವನು ನಾರ್ವೆಯ ಎರಿಕ್ ವಾಲರ್, 1937ರಲ್ಲಿ, ಕುರಿಯ ರಕ್ತಕಣ ಇಟ್ಟುಕೊಂಡು. 1948ರಲ್ಲಿ ಅಮೆರಿಕದ ಹ್ಯಾರಿ ರೋಸ್ ಅದನ್ನೇ ಮತ್ತೆ ಕಂಡ. ಲ್ಯಾಟೆಕ್ಸ್ ಬಂದದ್ದು 1956ರಲ್ಲಿ.

ಈಗ ಕೇಳಿ. ಅದೇ ಸ್ಲೈಡಿನಲ್ಲಿ ಯಾರ ಯಾರ ರಕ್ತ ಕಾಳುಗಟ್ಟುತ್ತಿತ್ತು ಅಂದರೆ, ಟಿಬಿ ರೋಗಿಗಳದು, ಹೆಪಟೈಟಿಸ್ ಸಿ ಇದ್ದವರದು, ಏನೂ ಕಾಯಿಲೆ ಇಲ್ಲದ ವಯಸ್ಸಾದವರದು. ಗೆಣ್ಣೆಲ್ಲ ಸೊಟ್ಟಗಾಗಿ ಬಂದ ಕೆಲವರದು ನೆಗೆಟಿವ್. ನೋವಿಲ್ಲದ ಮನುಷ್ಯನಿಗೆ ಈ ಪರೀಕ್ಷೆಯನ್ನು ಪ್ಯಾಕೇಜಿನಲ್ಲಿ ಸೇರಿಸಿ ಮಾರುವುದು ನನ್ನ ಮಟ್ಟಿಗೆ ವ್ಯಾಪಾರ. ಕೇಳದವರಿಗೆ ಉತ್ತರ ಕೊಟ್ಟು ನಿದ್ದೆಗೆಡಿಸುವುದು.

ಆಂಟಿ ಸಿಸಿಪಿ ಹಾಗಲ್ಲ, ಅದರ ಮಾತಿಗೆ ತೂಕ ಜಾಸ್ತಿ. ನಮ್ಮ ಪ್ರೋಟೀನುಗಳಲ್ಲಿ ಆರ್ಜಿನೀನ್ ಅಂತ ಒಂದು ಅಮೈನೋ ಆಮ್ಲ ಇರುತ್ತೆ. ಉರಿಯೂತ ಇರುವ ಕಡೆ ಪ್ಯಾಡ್ ಎಂಬ ಕಿಣ್ವ ಅದನ್ನು ಸಿಟ್ರುಲಿನ್ ಆಗಿ ಬದಲಿಸುತ್ತೆ. ಎಲ್ಲರಲ್ಲೂ ಆಗುವ ಕೆಲಸವೇ. ಕೆಲವರ ದೇಹ ಮಾತ್ರ ಆ ಬದಲಾದ ಪ್ರೋಟೀನನ್ನು ಹೊರಗಿನವನು ಅಂತ ಬಗೆದು ಅದರ ಮೇಲೆ ಆಂಟಿಬಾಡಿ ಮಾಡುತ್ತೆ. ಡಚ್ಚರು ಇದನ್ನು ಹಿಡಿದದ್ದು 1998ರಲ್ಲಿ. ಈ ಕಾಯಿಲೆ ಇಲ್ಲದ 100 ಜನರನ್ನು ಪರೀಕ್ಷಿಸಿದರೆ ಸುಮಾರು 95 ಜನರಿಗೆ ನೆಗೆಟಿವ್ ಬರುತ್ತೆ. ಹಾಗಂತ ಕಾಯಿಲೆ ಇರುವವರೆಲ್ಲರಿಗೂ ಪಾಸಿಟಿವ್ ಬರುವುದಿಲ್ಲ, ಮೂವರಲ್ಲಿ ಇಬ್ಬರಿಗೆ ಅಂದಾಜು.

ಇನ್ನು ‘ಯಾಕೆ ಬಂತು’. ನೀವೆಲ್ಲ ಕೀಲು ಊದಿದ ತಿಂಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತಿದ್ದೀರಿ. ಕಾಯಿಲೆ ಶುರುವಾದದ್ದು ಆಗಲ್ಲ. 2003ರಲ್ಲಿ ಸ್ವೀಡನ್‌ನವರು, 2004ರಲ್ಲಿ ನೆದರ್ಲೆಂಡ್ಸ್‌ನವರು ಒಂದು ಜಾಣ ಕೆಲಸ ಮಾಡಿದರು. ರುಮಟಾಯ್ಡ್ ಬಂದವರು ಹಿಂದೆ ಆರೋಗ್ಯವಾಗಿದ್ದಾಗ ಕೊಟ್ಟು ಫ್ರೀಜರಿನಲ್ಲಿ ಉಳಿದಿದ್ದ ರಕ್ತವನ್ನು ಹುಡುಕಿ ತೆಗೆದು ಪರೀಕ್ಷೆ ಮಾಡಿದರು. ಡಚ್ ರಕ್ತದಾನಿಗಳಲ್ಲಿ ಸುಮಾರು ಅರ್ಧ ಜನರ ಹಳೇ ಸ್ಯಾಂಪಲ್ಲಿನಲ್ಲಿ ಆಗಲೇ ಆಂಟಿಬಾಡಿ ಇತ್ತು. ನೋವು ಕಾಣಿಸುವುದಕ್ಕೆ ನಾಲ್ಕೂವರೆ ವರ್ಷ ಮುಂಚೆ, ಅದೂ ನಡುಮಟ್ಟದ ಲೆಕ್ಕ, ಕೆಲವರಲ್ಲಿ ಇನ್ನೂ ಹಿಂದೆ. ಸ್ಯಾಂಪಲ್ ಚೆಲ್ಲುವ ಮುನ್ನ ಎರಡು ಸಲ ಯೋಚಿಸಬೇಕು ಅಂತ ನಾನು ಹೊಸ ಹುಡುಗರಿಗೆ ಹೇಳುತ್ತಿದ್ದದ್ದು ಇದಕ್ಕೇ.

ಕೀಲಿನಲ್ಲಲ್ಲ ಅಂದರೆ ಮತ್ತೆಲ್ಲಿ ಶುರು? ಶ್ವಾಸಕೋಶ, ಒಸಡು, ಕರುಳು, ಈ ಮೂರರ ಮೇಲೆ ಸಂಶಯ. ಅದರಲ್ಲಿ ಗಟ್ಟಿ ಪುರಾವೆ ಇರುವುದು ಶ್ವಾಸಕೋಶಕ್ಕೆ, ಹೊಗೆ ಧೂಳು ಹೋಗಿ ಸೇರುವ ಜಾಗ ಅದು. ಈ ಕಾಯಿಲೆಗೂ ಎಚ್‌ಎಲ್‌ಎ ಡಿಆರ್4 ಎಂಬ ಜೀನಿಗೂ ಇರುವ ನಂಟನ್ನು ಅಮೆರಿಕದ ಪೀಟರ್ ಸ್ಟಾಸ್ಟ್ನಿ 1970ರ ದಶಕದಲ್ಲೇ ತೋರಿಸಿದ್ದ. 2006ರಲ್ಲಿ ಸ್ಟಾಕ್‌ಹೋಮಿನ ಲಾರ್ಸ್ ಕ್ಲಾರೆಸ್ಕಾಗ್ ತಂಡ ಜೀನು, ಸಿಗರೇಟು ಎರಡನ್ನೂ ಸೇರಿಸಿ ನೋಡಿತು. ಅಪಾಯದ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬಂದು, ಸೇದುವ ಚಟವೂ ಇದ್ದವರಿಗೆ ಆಂಟಿಬಾಡಿ ಪಾಸಿಟಿವ್ ರುಮಟಾಯ್ಡ್ ಬರುವ ಸಂಭವ, ಎರಡೂ ಇಲ್ಲದವರಿಗಿಂತ 21 ಪಟ್ಟು. ನಮ್ಮ ಹೆಂಗಸರು ಸಿಗರೇಟು ಸೇದುವವರಲ್ಲ, ಆದರೂ ಬರುತ್ತೆ ಅನ್ನುತ್ತೀರಿ. ಸರಿ. ಮಲೇಷ್ಯಾದ ಹೆಂಗಸರ ಮೇಲಿನ ಅಧ್ಯಯನ 2016ರಲ್ಲಿ ಬಂತು. ಅದರಲ್ಲಿ ಕೆಲಸದ ಜಾಗದ ಬಟ್ಟೆ ಧೂಳಿಗೂ ಈ ಕಾಯಿಲೆಗೂ ನಂಟು ಕಂಡಿತು. ತಂಗಿಯನ್ನು ಹೆದರಿಸಲು ಹೇಳುತ್ತಿಲ್ಲ. ಮಾಸ್ಕ್ ಹಾಕಿಕೊಳ್ಳಲಿ, ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಹೊರಗೆ ಕಳಿಸಲಿ.

ವಂಶದ ಮಾತಿಗೆ ಒಂದೇ ಲೆಕ್ಕ. ಒಂದೇ ಅಂಡದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು 100 ಜೋಡಿಯಲ್ಲಿ ಸುಮಾರು 15ರಲ್ಲಿ ಮಾತ್ರ. ಜೀನೆಲ್ಲ ಒಂದೇ ಇದ್ದವರ ಕಥೆಯೇ ಇಷ್ಟು. ಒಡಹುಟ್ಟಿದವರಿಗೆ ಬೇರೆಯವರಿಗಿಂತ ಮೂರು ಪಟ್ಟು ಅಂದಾಜು, ಆದರೆ ಮೂಲದಲ್ಲಿ ಅದು ನೂರಕ್ಕೆ ಒಬ್ಬರಿಗೂ ಬಾರದ ಕಾಯಿಲೆ. ಇದನ್ನು ಬೀಗರಿಗೆ ಓದಿ ಹೇಳಿ.

ನಿಮ್ಮ ಅತ್ತೆಯವರ ಬಾಣಂತನದ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ತಣ್ಣೀರಿನ ಪಾತ್ರ ಏನಿಲ್ಲ. ಆದರೆ ಬಸುರಿನಲ್ಲಿ ಈ ಕಾಯಿಲೆ ಎಷ್ಟೋ ಜನಕ್ಕೆ ತಗ್ಗುತ್ತೆ, ಹೆರಿಗೆಯಾದ ತಿಂಗಳುಗಳಲ್ಲಿ ಮರುಕಳಿಸುತ್ತೆ, ಕೆಲವರಿಗೆ ಮೊದಲ ಸಲ ಕಾಣಿಸಿಕೊಳ್ಳುವುದೂ ಆಗಲೇ. ಬಸುರಿನಲ್ಲಿ, ಕಾಮಾಲೆಯಲ್ಲಿ ನೋವು ಇಳಿಯುವುದನ್ನು ಗಮನಿಸಿಯೇ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ದೇಹದೊಳಗೇ ಏನೋ ಔಷಧ ತಯಾರಾಗುತ್ತಿದೆ ಅಂತ ಬೆನ್ನು ಹತ್ತಿದ. 1948ರಲ್ಲಿ ಮೊದಲ ರೋಗಿಗೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟ, 1950ರಲ್ಲಿ ನೊಬೆಲ್. ನಿಮ್ಮ ಮಗ ಎಸ್ಸೆಸ್ಸೆಲ್ಸಿ ಅಂದಿರಿ, ಹಾಗಾಗಿ ನಿಮ್ಮ ವಿಷಯದಲ್ಲಿ ಬಾಣಂತನವನ್ನು ಖುಲಾಸೆ ಮಾಡಬಹುದು.

ದಂತ_ಮಲ್ಲೇಶ್ವರ:

ರಾಯರು ಒಸಡು ಅಂದಿದ್ದಕ್ಕೆ ಒಂದು ಮಾತು. ನಾನು ಡೆಂಟಿಸ್ಟ್. ಒಸಡಿನ ಕಾಯಿಲೆಯಲ್ಲಿ ಸಿಗುವ ಪಾರ್ಫಿರೋಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾಗೆ ತನ್ನದೇ ಪ್ಯಾಡ್ ಕಿಣ್ವ ಇದೆ, ಅದೂ ಪ್ರೋಟೀನನ್ನು ಸಿಟ್ರುಲಿನ್ ಮಾಡಬಲ್ಲದು. ಸಂಶೋಧಕರಿಗೆ ಬಾಯಿಯ ಮೇಲೆ ಕಣ್ಣು ಬಿದ್ದದ್ದು ಇದರಿಂದ. ಆದರೆ ಕ್ಲೀನಿಂಗ್ ಮಾಡಿಸಿದರೆ ಸಂಧಿವಾತ ಹೋಗತ್ತೆ ಅಂತ ಯಾರಾದರೂ ಬೋರ್ಡ್ ಹಾಕಿದ್ದರೆ ಒಳಗೆ ಹೋಗಬೇಡಿ. ಒಸಡಲ್ಲಿ ರಕ್ತ ಬರ್ತಿದ್ದರೆ ಒಸಡಿಗಾಗಿ ತೋರಿಸಿ, ಸಾಕು.

ಬೆನ್ನುನೋವು_ವಿಜಯನಗರ:

ಆರ್‌ಎ ಫ್ಯಾಕ್ಟರ್ ನೆಗೆಟಿವ್ ಅಂದ ತಕ್ಷಣ ‘ಏನಿಲ್ಲ ಹೋಗ್ರೀ’ ಅನ್ನಿಸಿಕೊಂಡ ಪೈಕಿ ನಾನು. ಬೆಳಗಿನ ಜಾವ ಸೊಂಟದ ನೋವಿಗೆ ಎಚ್ಚರ ಆಗೋದು. ಮಲಗಿದರೆ ಜಾಸ್ತಿ, ಎದ್ದು ಓಡಾಡಿದರೆ ಕಡಿಮೆ. ಡಿಸ್ಕ್ ಅಂತ ಬೆಡ್ ರೆಸ್ಟ್ ಬರೆದುಕೊಟ್ಟರು, ಅದರಿಂದ ಇನ್ನೂ ಹದಗೆಟ್ಟಿತು. ಕೊನೆಗೆ ಎಂಆರ್‌ಐ ಮಾಡಿಸಿದಾಗ ಸೊಂಟದ ಕೀಲಿನಲ್ಲಿ ಉರಿಯೂತ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನೋ ಬೆನ್ನೆಲುಬಿನ ಸಂಧಿವಾತ. ಇದಕ್ಕೆ ನಂಟಿರೋ ಜೀನು ಎಚ್‌ಎಲ್‌ಎ ಬಿ27, 1973ರಿಂದ ಗೊತ್ತಿರೋ ವಿಷಯ. ಅದೂ ಅಷ್ಟೇ, ಜೀನು ಇರೋರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರೋದೇ ಇಲ್ಲ. ಉರಿಯೂತದ ಸಂಧಿವಾತ ಅಂದರೆ ರುಮಟಾಯ್ಡ್ ಒಂದೇ ಅಲ್ಲ ಅಂತ ಹೇಳೋಕೆ ಬರೆದೆ.

ಅಚ್ಚುಮನೆ_ಅಕ್ಕ:

ಎಲ್ಲರಿಗೂ ಧನ್ಯವಾದ. ರಾಯರೇ, ಅರ್ಧ ಓದೋ ಹೊತ್ತಿಗೆ ತಂಗಿಗೆ ಫೋನ್ ಮಾಡಿದೆ. ಬಾಣಂತನದ ಪ್ಯಾರಾ ಅತ್ತೆಗೆ ತೋರಿಸಲ್ಲ, ತೋರಿಸಿದರೆ ಪೂರ್ತಿ ಗೆದ್ದೆ ಅಂತಾರೆ. ಚಿಕೂನ್‌ಗುನ್ಯಾ ವಿಷಯ ನೀವು ಹೇಳಲಿಲ್ಲ. ಮತ್ತೆ, ಅಷ್ಟು ವರ್ಷ ಮುಂಚೆನೇ ರಕ್ತದಲ್ಲಿ ಕಾಣತ್ತೆ ಅಂದ್ರೆ ಆಗಲೇ ತಡೆಯೋಕೆ ಆಗಲ್ವಾ? ನನಗೆ ಈಗಲೂ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಗೆಣ್ಣು ಊದತ್ತೆ, ಮುನ್ಸೂಚನೆನೇ ಇರಲ್ಲ. ಫೈನಲ್ ಪ್ರೂಫ್ ಇರೋ ದಿನವೇ ಆಗಬೇಕಾ ಅದು!

ಸೀರಂ_ರಾಯರು:

ಚಿಕೂನ್‌ಗುನ್ಯಾ. 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ, ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದ್ದೇ. ಆ ವರ್ಷ ಲ್ಯಾಬಿನ ಮುಂದೆ ಕುಂಟುತ್ತಾ ನಿಂತ ಸಾಲು ನೆನಪಿದೆ. ಜ್ವರ ಹೋದಮೇಲೂ ತಿಂಗಳುಗಟ್ಟಲೆ ಗೆಣ್ಣು ಊದುತ್ತೆ, ನೋಡಲು ಥೇಟ್ ರುಮಟಾಯ್ಡ್. ಆದರೆ ಬಹುಪಾಲು ಜನಕ್ಕೆ ಇಳಿದುಹೋಗುತ್ತೆ, ಆಂಟಿ ಸಿಸಿಪಿ ಸಾಮಾನ್ಯವಾಗಿ ನೆಗೆಟಿವ್ ಇರುತ್ತೆ. ನಿಮಗೆ ನಡುವೆ ಅಷ್ಟು ವರ್ಷ ಏನೂ ಇರಲಿಲ್ಲ, ಈಗ ಸಿಸಿಪಿ ಜೋರಾಗಿದೆ. ನಾನಾದರೆ ಸೊಳ್ಳೆಯ ಮೇಲೆ ಹಾಕುವುದಿಲ್ಲ.

ತಡೆಯುವುದು. ಈಗ ಸಂಶೋಧನೆ ಬಿಸಿಯಾಗಿರುವುದು ಇಲ್ಲೇ. 2024ರಲ್ಲಿ ಬ್ರಿಟನ್, ನೆದರ್ಲೆಂಡ್ಸ್ ಸೇರಿ ಮಾಡಿದ ಟ್ರಯಲ್ ಬಂತು. ಆಂಟಿಬಾಡಿ ಇದ್ದು, ಕೀಲುನೋವಿದ್ದು, ಊತ ಇನ್ನೂ ಬಾರದವರಿಗೆ ಒಂದು ವರ್ಷ ಅಬಟಾಸೆಪ್ಟ್ ಎಂಬ ಸಂಧಿವಾತದ ಇಂಜೆಕ್ಷನ್ ಕೊಟ್ಟರು. ವರ್ಷದ ಕೊನೆಗೆ ಔಷಧ ಪಡೆದವರಲ್ಲಿ 6 ಶೇಕಡಾ ಜನಕ್ಕೆ ಕಾಯಿಲೆ ಬಂತು, ಔಷಧವಿಲ್ಲದ ಖಾಲಿ ಇಂಜೆಕ್ಷನ್ ಪಡೆದವರಲ್ಲಿ 29. ಚಪ್ಪಾಳೆ ಹೊಡೆಯುವ ಮುನ್ನ ಮುಂದಿನದನ್ನೂ ಓದಿ. ಔಷಧ ನಿಲ್ಲಿಸಿ ಇನ್ನೊಂದು ವರ್ಷ ಕಾದಾಗ ಅದೇ ಲೆಕ್ಕ ಒಟ್ಟು 25 ಮತ್ತು 37 ಆಯಿತು. ಅಂದರೆ ಮುಂದೂಡಿತು, ಎಷ್ಟು ಜನರಲ್ಲಿ ತಡೆಯಿತು ಅನ್ನುವುದು ಬೇರೆ ಮಾತು. ಇದಕ್ಕೂ ಮುಂಚೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊಟ್ಟು ನೋಡಿದ ಅಮೆರಿಕದ ಟ್ರಯಲ್‌ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ತಂಗಿಗೆ ನೋವೇ ಇಲ್ಲ, ಇವರ ಸಾಲಿಗೂ ಬರುವುದಿಲ್ಲ. ಬರೀ ಆರ್‌ಎ ಫ್ಯಾಕ್ಟರ್ ನೋಡಿ ಮಾತ್ರೆ ನುಂಗುವ ಪ್ರಶ್ನೆಯೇ ಇಲ್ಲ.

ಇದ್ದಕ್ಕಿದ್ದಂತೆ ಊದುವುದರ ಬಗ್ಗೆ 2020ರಲ್ಲಿ ಬಂದ ಕೆಲಸವೊಂದು ನನಗೆ ಬಹಳ ಇಷ್ಟ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ್ದು. ಒಬ್ಬ ರೋಗಿ ನಾಲ್ಕು ವರ್ಷ ಮನೆಯಲ್ಲೇ ಬೆರಳು ಚುಚ್ಚಿಕೊಂಡು ಹನಿ ರಕ್ತ ತೆಗೆದು ಕಳಿಸಿದರು, ನೋವಿನ ಲೆಕ್ಕವನ್ನೂ ಬರೆದಿಟ್ಟರು. ಊತ ಬರುವುದಕ್ಕೆ ಎರಡು ವಾರ ಮುಂಚೆ ಆಂಟಿಬಾಡಿ ಮಾಡುವ ರಕ್ತದ ಬಿ ಕೋಶಗಳು ಚುರುಕಾಗಿದ್ದವು. ಒಂದು ವಾರ ಮುಂಚೆ, ರಕ್ತದಲ್ಲಿ ಇರಬಾರದ ಒಂದು ಬಗೆಯ ಕೋಶ ಹೆಚ್ಚಿತ್ತು, ಕೀಲಿನ ಒಳಪೊರೆಯ ಕೋಶಗಳ ಚಹರೆ ಅದಕ್ಕೆ. ಊತ ಬಂದಾಗ ನೋಡಿದರೆ ಅವು ರಕ್ತದಲ್ಲಿ ಇಳಿದಿದ್ದವು. ಕೀಲಿಗೆ ಹೋಗಿ ಸೇರಿಕೊಂಡಿರಬೇಕು ಅನ್ನುವುದು ಅವರ ಊಹೆ. ಇನ್ನು ಕೆಲವೇ ರೋಗಿಗಳಲ್ಲಿ ಇದನ್ನು ಮತ್ತೆ ನೋಡಿದ್ದಾರೆ. ನಮ್ಮ ಲ್ಯಾಬುಗಳಲ್ಲಿ ಮಾಡಿಸುವ ಪರೀಕ್ಷೆ ಅಲ್ಲ ಇದು, ಪ್ಯಾಕೇಜಿನಲ್ಲಿ ಯಾರಾದರೂ ಮಾರಿದರೆ ನನಗೆ ಹೇಳಿ.

ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಅಂತ ನೀವೇ ಬರೆದಿದ್ದೀರಿ, ಆದರೂ ವಾರದ ಹೆಸರನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ. ದಿನಾ ನುಂಗಿದರೆ ಪ್ರಾಣಕ್ಕೇ ಬರುತ್ತೆ. ಆಂಧ್ರದ ಭೀಮಾವರದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ನಡೆಸುತ್ತಿದ್ದ ಪ್ರಯೋಗಾಲಯದ ಕೂಸು ಆ ಔಷಧ, ಮೊದಲು ಬಂದದ್ದು ರಕ್ತದ ಕ್ಯಾನ್ಸರಿಗೆ.

ಅಚ್ಚುಮನೆ_ಅಕ್ಕ:

ಬುಧವಾರ ಅಂತ ಕೆಂಪು ಮಾರ್ಕರ್‌ನಲ್ಲಿ ಬರೆದಾಯ್ತು. ತಂಗಿ ಆಂಟಿ ಸಿಸಿಪಿ ಮಾಡಿಸಲಾ ಅಂತ ಕೇಳ್ತಿದಾಳೆ.

ಸೀರಂ_ರಾಯರು:

ಕುತೂಹಲಕ್ಕೆ ಬೇಡ. ಗೆಣ್ಣು ಊದಿದರೆ, ಬೆಳಗಿನ ಬಿಗಿತ ಅರ್ಧ ಗಂಟೆ ದಾಟಿದರೆ, ಯಾರಾದರೂ ಕೈ ಕುಲುಕಿದಾಗ ಬೆರಳ ಬುಡದಲ್ಲಿ ನೋವಾದರೆ ಆಗ ರುಮಟಾಲಜಿಸ್ಟ್ ಹತ್ತಿರ ಹೋಗಲಿ, ತಿಂಗಳುಗಟ್ಟಲೆ ಕಾಯದೆ. ಅಕ್ಕನಿಗೆ ಇದೆ ಅಂತ ಮೊದಲ ವಾಕ್ಯದಲ್ಲೇ ಹೇಳಲಿ. ಯಾವ ಪರೀಕ್ಷೆ ಅಂತ ಅವರು ಬರೆಯುತ್ತಾರೆ.