ಖಾಲಿ ಸೈಟಿನ ಹೊಗೆ, ನಮ್ಮ ತಾರಸಿಯ ಬಿಸಿಲು

ಮನೆ 27, 3ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಪಾರ್ಕ್ ಹಿಂದಿನ ಖಾಲಿ ಸೈಟಿನಲ್ಲಿ ಇವತ್ತೂ ಎಲೆ, ಪ್ಲಾಸ್ಟಿಕ್ ಎಲ್ಲಾ ಸೇರಿಸಿ ಬೆಂಕಿ ಹಾಕಿದ್ದಾರೆ. ನಮ್ಮ 3 ಕಿಲೋವ್ಯಾಟ್ ಸೋಲಾರ್ ಹೋದ ಫೆಬ್ರವರಿಯಲ್ಲಿ ದಿನಕ್ಕೆ 12 ಯೂನಿಟ್ ಕೊಡುತ್ತಿತ್ತು. ಈ ಸಲ ಮೋಡವಿಲ್ಲದ ದಿನವೂ 9 ದಾಟಿಲ್ಲ. ಮೊನ್ನೆ ಪ್ಯಾನೆಲ್ ತೊಳೆದೆ. ಕೆಂಪು ಧೂಳು ನೀರು ಬಿದ್ದ ಕೂಡಲೇ ಇಳಿಯಿತು. ಅದರಡಿ ಜಿಡ್ಡು ಜಿಡ್ಡಾದ ಕಪ್ಪು ಪದರ, ಸೋಪು ಹಾಕಿ ಮೂರು ಸಲ ಉಜ್ಜಬೇಕಾಯಿತು. ಬಟ್ಟೆ ಮಸಿಬಟ್ಟೆಯೇ ಆಯಿತು. ನಿನ್ನೆ 11 ಯೂನಿಟ್ ಬಂತು.

ಮನೆ 9, 1ನೇ ಕ್ರಾಸ್:
ಹಾಗಾದರೆ ತಿಂಗಳಿಗೊಮ್ಮೆ ತೊಳೆದರಾಯಿತಲ್ಲ ಸಾರ್? ಹೊಗೆ ಬಿಸಿಲು ತಡೆದರೆ ತಂಪೇ ಅಲ್ಲವಾ?

ಮನೆ 27:
ತೊಳೆಯಲೇಬೇಕು ಸಾರ್. ಐಐಟಿ ಗಾಂಧಿನಗರದಲ್ಲಿ ವಾರಗಟ್ಟಲೆ ಹಾಗೇ ಬಿಟ್ಟ ಪ್ಯಾನೆಲ್ ತೊಳೆದಾಗ ಉತ್ಪಾದನೆ ಸುಮಾರು 50% ಏರಿದ್ದು 2017ರ ಅಧ್ಯಯನದಲ್ಲಿದೆ. ಆದರೆ ಗಾಳಿಯಲ್ಲಿ ತೇಲುವುದನ್ನು ಯಾವ ಬಟ್ಟೆಯಿಂದ ಒರೆಸೋಣ? ಕಲ್ಲಿದ್ದಲು ಹೊಗೆಯ ಸಲ್ಫೇಟ್ ಕಣಗಳು ಬಿಸಿಲನ್ನು ಚದುರಿಸಿ ಒಂದಷ್ಟನ್ನು ಮೇಲಕ್ಕೇ ಕಳಿಸುತ್ತವೆ. ಮಸಿ ಹಾಗಲ್ಲ, ಬಿಸಿಲನ್ನು ಹೀರಿ ತಾನು ಕಾದು ಸುತ್ತಲಿನ ಗಾಳಿಯನ್ನೂ ಕಾಯಿಸುತ್ತದೆ. ನೆಲಕ್ಕೆ ಬೆಳಕು ಕಮ್ಮಿ, ಗಾಳಿಯಲ್ಲಿ ಶಾಖ ಜಾಸ್ತಿ. ತಂಪೆಲ್ಲಿ ಬಂತು?
1999ರಲ್ಲಿ ವಿಜ್ಞಾನಿಗಳು ಹಿಂದೂ ಮಹಾಸಾಗರದ ಮೇಲೆ ಹಡಗು, ವಿಮಾನಗಳಿಂದ ಇದನ್ನೇ ಅಳೆದರು. ಮುಂದಾಳುಗಳಲ್ಲೊಬ್ಬರು ವಿ. ರಾಮನಾಥನ್, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ (ಭಾರತೀಯ ವಿಜ್ಞಾನ ಸಂಸ್ಥೆ) ಓದಿದವರು. ದಕ್ಷಿಣ ಏಷ್ಯಾದಿಂದ ತೇಲಿಹೋದ ಕಂದು ಹೊಗೆಯಡಿ ನೀರಿಗೆ ತಲುಪುವ ಬಿಸಿಲು 10%ರಷ್ಟು ಕಡಿಮೆಯಾಗಿತ್ತು. ಸಮುದ್ರ ಕಾಯದಿದ್ದರೆ ಆವಿಯೂ ಕಮ್ಮಿ, ಮಳೆಗೇ ಪೆಟ್ಟು. ನಮ್ಮ ಸೈಟಿನ ಬೆಂಕಿ ಅದರಲ್ಲಿ ಚೂರು, ನಿಜ. ಆದರೆ ಆ ಚೂರು ನಮ್ಮ ಕೈಲಿದೆ.

ಮನೆ 14, 3ನೇ ಕ್ರಾಸ್:
ನಾನು ಹಾಕಿದ್ದ ಅರಳು ಸಂಡಿಗೆ ಮೇಲೆ ಎಳ್ಳು ಉದುರಿಸಿದ ಹಾಗೆ ಕರಿ ಚೂರು ಕೂತಿತ್ತು. ಒಂದು ಮೊರ ಪೂರ್ತಿ ಚೆಲ್ಲಿದೆ. ಆದರೆ ಗುಡಿಸೋ ಆಯಮ್ಮನನ್ನು ಯಾರೂ ಬೈಯಬೇಡಿ. ಒಣ ಎಲೆ ತಗೊಂಡು ಹೋಗೋಕೆ ಗಾಡಿಯೇ ಬರಲ್ಲವಂತೆ, ಅವರಾದರೂ ಏನು ಮಾಡ್ತಾರೆ?

ಕಾರ್ಯದರ್ಶಿ:
ಅಮ್ಮಾವ್ರು ಹೇಳಿದ್ದು ಸರಿ. ಬಯಲಲ್ಲಿ ಕಸ ಸುಟ್ಟರೆ 5,000, ದೊಡ್ಡ ರಾಶಿಯಾದರೆ 25,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಸೈಟಿನ ಓನರಿಗೆ ಅದನ್ನು ಬರೆದು ಕಳಿಸುತ್ತೇನೆ. ಎಲೆಗೆ ಪಾರ್ಕಿನ ಮೂಲೆಯಲ್ಲಿ ಜಾಲರಿ ಕಟ್ಟಿ ಗೊಬ್ಬರ ಮಾಡೋಣ. ಭಾನುವಾರ ಬೆಳಿಗ್ಗೆ 7ಕ್ಕೆ ಬನ್ನಿ.

ಮನೆ 9:
ಬರ್ತೀನಿ ಸಾರ್. ಮನೇಲಿ ಎರಡು ಗುದ್ದಲಿ ಇದೆ, ತರ್ತೀನಿ. ಜಾಲರಿ ಯಾರ ಹತ್ರ ಇದೆ?